ಈರುಳ್ಳಿಯ ಪದರಗಳು ಕಲಿಸುವ ಪಾಠ

ನಾರ್ವೆಯ ನಾಟಕಕಾರ ಇಬ್ಸೆನ್ 1867ರಲ್ಲಿ ಪ್ರಕಟಿಸಿದ ‘ಪೀರ್ ಗಿಂಟ್’ ನಾಟಕದ ನಾಯಕನು ಈರುಳ್ಳಿಯ ಪದರಗಳನ್ನು ಒಂದೊಂದಾಗಿ ಸುಲಿಯುತ್ತ ತಿರುಳನ್ನು ಹುಡುಕುತ್ತಾನೆ, ತಿರುಳೇ ದೊರೆಯುವುದಿಲ್ಲ. ನಾಟಕಕಾರನಿಗೆ ಅದು ಪೊಳ್ಳು ಬಾಳಿನ ಸಂಕೇತ. ವರ್ತಕನಿಗಾದರೋ ಬಂಡವಾಳವೆಲ್ಲ ಆ ಪದರಗಳಲ್ಲಿಯೇ ಅಡಗಿದೆ.

ಸಸ್ಯಶಾಸ್ತ್ರದ ಪ್ರಕಾರ ಈ ಪದರಗಳು ನೀರನ್ನೂ ಸಕ್ಕರೆಯನ್ನೂ ತುಂಬಿಕೊಂಡು ಉಬ್ಬಿದ ಎಲೆಬುಡಗಳು. ಜೀವಕೋಶದಲ್ಲಿ ಗಂಧಕದ ಸಂಯುಕ್ತಗಳೂ ಕಿಣ್ವವೂ ಬೇರೆಬೇರೆಯಾಗಿರುತ್ತವೆ. ಕೋಶ ಒಡೆದೊಡನೆ ಅವು ಬೆರೆತು ಘಾಟು ಹುಟ್ಟುತ್ತದೆ. ಕಣ್ಣೀರು ತರಿಸುವ ಅನಿಲಕ್ಕೆ ಮತ್ತೊಂದು ಕಿಣ್ವವೂ ಬೇಕೆಂಬುದನ್ನು ಜಪಾನಿನ ವಿಜ್ಞಾನಿಗಳು 2002ರಲ್ಲಿ ತೋರಿಸಿದರು. ಇಡಿಯಾಗಿ ಬೇಯಿಸಿದ ಗಡ್ಡೆಯಲ್ಲಿ ಶಾಖದಿಂದ ಕಿಣ್ವಗಳು ನಿಷ್ಕ್ರಿಯವಾಗುವುದರಿಂದ ಅದನ್ನು ಹೆಚ್ಚಿದರೂ ಕಣ್ಣು ಉರಿಯದು. ನಿಧಾನವಾಗಿ ಹುರಿದರೆ ನೀರು ಆರಿ, ಬಣ್ಣ ಕೆಂಪಾಗಿ, ಸಿಹಿ ಎದ್ದು ಕಾಣುತ್ತದೆ.

ಉಗ್ರಾಣಕ್ಕೂ ಇದೇ ನಿಯಮ. ಪೆಟ್ಟು ತಿಂದ ಗಡ್ಡೆಯ ಕೋಶಗಳು ಒಡೆದು ಕೊಳೆಗೆ ದಾರಿಯಾಗುತ್ತದೆ. ಮಳೆಯ ತೇವದಲ್ಲಿ ಕಿತ್ತ ಮುಂಗಾರು ಬೆಳೆ ಹೆಚ್ಚು ದಿನ ಬಾಳದು. ಚೆನ್ನಾಗಿ ಒಣಗಿಸಿದ ಹಿಂಗಾರು ಬೆಳೆ ಗಾಳಿಯಾಡುವ ಉಗ್ರಾಣದಲ್ಲಿ ನಾಲ್ಕೈದು ತಿಂಗಳು ಬಾಳಬಲ್ಲದು. 2023ರ ಡಿಸೆಂಬರಿನಲ್ಲಿ ಜಾರಿಯಾದ ರಫ್ತು ನಿಷೇಧ ತೆರವಾದುದು 2024ರ ಮೇ ತಿಂಗಳಲ್ಲಿ. ಹಸಿ ಸರಕು ಅಷ್ಟು ಕಾಲ ಕಾಯಲಾರದು.

ಆದುದರಿಂದ ಖರೀದಿಗೆ ಮುನ್ನ ಮೂರು ಅಂಶಗಳನ್ನು ಪರೀಕ್ಷಿಸುವುದು ಲೇಸು: ಗಡ್ಡೆಯ ಕುತ್ತಿಗೆ ಒಣಗಿ ಬಿಗಿದಿದೆಯೇ? ಹೊರಸಿಪ್ಪೆ ಗರಿಗರಿಯಾಗಿ ಉಳಿದಿದೆಯೇ? ಚೀಲದಿಂದ ಘಾಟು ಹೊಮ್ಮುತ್ತಿದೆಯೇ? ಹೆಚ್ಚುವ ಮೊದಲೇ ಘಾಟು ಬಂದರೆ, ಒಳಗೆಲ್ಲೋ ಗಡ್ಡೆ ಒಡೆದಿದೆಯೆಂದೇ ತಿಳಿಯಬೇಕು. ಕಸವೆಂದು ನಾವು ಗುಡಿಸುವ ಸಿಪ್ಪೆಯೇ ಈರುಳ್ಳಿಯ ಮೊದಲ ಉಗ್ರಾಣ.