ಎಸಿ ರಿಪೇರಿ ಬಿಲ್ಲನ್ನು ಓದುವುದು ಹೇಗೆ?

ಮಾರ್ಚ್ ಕಳೆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಐದೂ ತಾಲ್ಲೂಕುಗಳಲ್ಲಿ ಬಿಸಿಲು 40 ಡಿಗ್ರಿಯ ಹತ್ತಿರ ಬರುತ್ತದೆ. ಹಿಂದೆ ಎಸಿ ಎಂದರೆ ಬ್ಯಾಂಕು, ಎಟಿಎಂ ಅಷ್ಟೇ ನೆನಪಾಗುತ್ತಿತ್ತು. ಈಗ ಹಾಸಿಗೆ ಹಿಡಿದ ಅಜ್ಜಿಗಾಗಿ, ಬಾಣಂತಿ ಮತ್ತು ಮಗುವಿಗಾಗಿ ಸಾಧಾರಣ ಮನೆಗಳಲ್ಲೂ ಎಸಿ ಹಾಕಿಸುತ್ತಾರೆ. ಕೊಳ್ಳುವಾಗ ನಾಲ್ಕು ಅಂಗಡಿ ತಿರುಗುವ ನಾವು, ಕೆಟ್ಟಾಗ ಮಾತ್ರ ಮೆಕ್ಯಾನಿಕ್ ಹೇಳಿದಷ್ಟು ಕೊಟ್ಟುಬಿಡುತ್ತೇವೆ. ನನ್ನ ಮಾಮು ಫ್ರಿಜ್ ಮತ್ತು ಎಸಿ ರಿಪೇರಿ ಮಾಡುತ್ತಾರೆ. ಎರಡು ಬೇಸಿಗೆ ರಜೆಯಲ್ಲಿ ಅವರೊಂದಿಗೆ ಹೋಗಿ ಕಲಿತದ್ದನ್ನು ನಮ್ಮ ಪಿಯುಸಿ ಪಾಠಗಳ ಜೊತೆ ಸೇರಿಸಿ ಬರೆದಿದ್ದೇನೆ.

1. ಎಸಿ ಏನು ಮಾಡುತ್ತದೆ?

ಎಸಿ ತಂಪನ್ನು ಹುಟ್ಟಿಸುವುದಿಲ್ಲ, ಕೋಣೆಯ ಶಾಖವನ್ನು ಹೊರಗೆ ಸಾಗಿಸುತ್ತದೆ. ಒಳಗಿನ ಕಾಯಿಲ್‌ನಲ್ಲಿ ದ್ರವ ಆವಿಯಾಗುವಾಗ ಕೋಣೆಯ ಶಾಖವನ್ನು ಹೀರುತ್ತದೆ. ಹೊರಗಿನ ಪೆಟ್ಟಿಗೆಯಲ್ಲಿರುವ ಕಂಪ್ರೆಸರ್ ಆ ಆವಿಯನ್ನು ಒತ್ತಿ ಬಿಸಿ ಮಾಡುತ್ತದೆ. ಹೊರ ಕಾಯಿಲ್‌ನಲ್ಲಿ ಅದು ಶಾಖ ಬಿಟ್ಟು ಮತ್ತೆ ದ್ರವವಾಗುತ್ತದೆ. ಸಣ್ಣ ಕೊಳವೆಯ ಮೂಲಕ ಒತ್ತಡ ಇಳಿಸಿಕೊಂಡು ಒಳಗೆ ಹಿಂತಿರುಗುತ್ತದೆ. ಒಂದು ಟನ್ ಎಸಿ ಎಂದರೆ ಸೆಕೆಂಡಿಗೆ ಸುಮಾರು 3.5 ಕಿಲೋಜೂಲ್ ಶಾಖ ತೆಗೆಯುವ ಯಂತ್ರ. ಟನ್ ಎನ್ನುವ ಮಾತು ಅದರ ತೂಕವನ್ನು ಹೇಳುವುದಿಲ್ಲ. ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗಲು ಬೇಕಾದ ಶಾಖದಿಂದ ಈ ಅಳತೆ ಬಂದಿದೆ.

2. "ಗ್ಯಾಸ್ ಖಾಲಿಯಾಗಿದೆ"

ಅತಿ ಹೆಚ್ಚು ಹಣ ಸೋರುವುದು ಈ ಮಾತಿನಲ್ಲಿ. ಮೇಲಿನ ಚಕ್ರವನ್ನು ಮತ್ತೊಮ್ಮೆ ಓದಿ. ಗ್ಯಾಸ್ ಅದರಲ್ಲಿ ಸುತ್ತುತ್ತದೆ, ಬೈಕಿನ ಪೆಟ್ರೋಲಿನಂತೆ ಉರಿದುಹೋಗುವುದಿಲ್ಲ. ಅದು ಕಡಿಮೆಯಾಗಿದ್ದರೆ ಎಲ್ಲೋ ಸೋರಿಕೆ ಇದೆ ಎಂದೇ ಅರ್ಥ. ಸೋರಿಕೆ ಮುಚ್ಚದೆ ತುಂಬಿಸಿದ ಗ್ಯಾಸ್ ಮತ್ತೆ ಹೋಗುತ್ತದೆ.

ಹಡಗಲಿ ಕಡೆಯ ಒಂದು ಮನೆಯಲ್ಲಿ ಮೂರು ಬೇಸಿಗೆ ಸತತವಾಗಿ ಗ್ಯಾಸ್ ತುಂಬಿಸಿದ್ದರು. ಪ್ರತಿ ಸಲ 2,500 ರೂಪಾಯಿ, ಒಟ್ಟು 7,500. ಲಕ್ವ ಹೊಡೆದು ಮಲಗಿದ್ದ ಅಜ್ಜಿಯ ಕೋಣೆ ಅದು. ಔಷಧಿಯ ಹಣದಲ್ಲಿ ಉಳಿಸಿ ಕೊಟ್ಟಿದ್ದರು. ಮಾಮು ಕೀಲುಗಳಿಗೆ ಸೋಪಿನ ನೀರು ಹಚ್ಚಿದಾಗ ಹೊರ ಪೆಟ್ಟಿಗೆಯ ಒಂದು ನಟ್ಟಿನ ಹತ್ತಿರ ಗುಳ್ಳೆ ಎದ್ದವು. ಕೊಳವೆಯ ತುದಿಯನ್ನು ಹೊಸದಾಗಿ ಅಗಲಿಸಿ ನಟ್ಟು ಬಿಗಿದು ಗ್ಯಾಸ್ ತುಂಬಿದರು. ಮುಂದಿನ ಬೇಸಿಗೆಗೆ ಗ್ಯಾಸ್ ಬೇಕಾಗಲಿಲ್ಲ.

ಸರಿಯಾದ ಕೆಲಸಕ್ಕೆ ನಾಲ್ಕು ಹಂತಗಳಿವೆ: ಸೋರಿಕೆ ಹುಡುಕಿ ಮುಚ್ಚುವುದು, ನೈಟ್ರೋಜನ್ ಒತ್ತಡದಲ್ಲಿ ಪರೀಕ್ಷಿಸುವುದು, ವ್ಯಾಕ್ಯೂಮ್ ಪಂಪಿನಿಂದ ಗಾಳಿ ಮತ್ತು ತೇವ ತೆಗೆಯುವುದು, ಕೊನೆಗೆ ತೂಕ ಮಾಡಿ ಗ್ಯಾಸ್ ತುಂಬುವುದು. ಯಾವ ಗ್ಯಾಸ್, ಎಷ್ಟು ಗ್ರಾಂ ಎಂಬುದು ಹೊರ ಪೆಟ್ಟಿಗೆಯ ಫಲಕದ ಮೇಲೆಯೇ ಇರುತ್ತದೆ. ಅಳತೆ ತೂಕದಲ್ಲಿ ಕಡಿತ ಮಾಡುವವರನ್ನು ಎಚ್ಚರಿಸುವ ಸೂರಾ ಅಲ್-ಮುತಫ್ಫಿಫೀನ್ ನಮ್ಮಲ್ಲಿ ಹಲವರಿಗೆ ಬಾಯಿಪಾಠ. ಆ ಮಾತು ತಕ್ಕಡಿ ಹಿಡಿದ ಅಂಗಡಿಗೆ ಅನ್ವಯಿಸುವಂತೆ ಗ್ಯಾಸ್ ಸಿಲಿಂಡರ್ ಹಿಡಿದ ಮೆಕ್ಯಾನಿಕ್‌ಗೂ ಅನ್ವಯಿಸುತ್ತದೆ ಎಂದು ಮಾಮು ಹೇಳುತ್ತಾರೆ.

ಗ್ಯಾಸಿನ ಹೆಸರೂ ಮುಖ್ಯ. ಹಳೆಯ ಯಂತ್ರಗಳಲ್ಲಿ ಆರ್-22 ಇದೆ. ಅದು ಓಝೋನ್ ಪದರಕ್ಕೆ ಹಾನಿ ಮಾಡುವುದರಿಂದ 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಹಂತಹಂತವಾಗಿ ಕಡಿಮೆಯಾಗುತ್ತಿದೆ. ಹೊಸದರಲ್ಲಿ ಹೆಚ್ಚಾಗಿ ಆರ್-32 ಇರುತ್ತದೆ. ಅದಕ್ಕೆ ಬೆಂಕಿ ಹತ್ತುವ ಗುಣ ಸ್ವಲ್ಪ ಇದೆ. ಆದ್ದರಿಂದ ಒಂದರ ಬದಲು ಇನ್ನೊಂದನ್ನು ತುಂಬಬಾರದು, ಕೆಲಸ ನಡೆಯುವಾಗ ಹತ್ತಿರ ಬೀಡಿ, ಬೆಂಕಿ ಇರಬಾರದು.

3. ಕೆಪಾಸಿಟರ್

ಒಳಗೆ ಫ್ಯಾನ್ ತಿರುಗುತ್ತದೆ, ಹೊರಗಿನ ಕಂಪ್ರೆಸರ್ ಗುಂಯ್‌ಗುಟ್ಟಿ ನಿಲ್ಲುತ್ತದೆ. ಕೂಡಲೇ "ಕಂಪ್ರೆಸರ್ ಹೋಗಿದೆ" ಎನ್ನುವವರಿದ್ದಾರೆ. ಸಿಂಗಲ್ ಫೇಸ್ ಮೋಟಾರು ತಾನಾಗಿ ತಿರುಗಲು ಶುರುಮಾಡುವುದಿಲ್ಲ. ಎರಡನೇ ಸುರುಳಿಯ ವಿದ್ಯುತ್ತಿಗೆ ಹಂತ ವ್ಯತ್ಯಾಸ ಕೊಡಲು ಕೆಪಾಸಿಟರ್ ಬೇಕು. ದ್ವಿತೀಯ ಪಿಯುಸಿಯ ಪರ್ಯಾಯ ವಿದ್ಯುತ್ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ. ಮೇಲೆ 50 ಮೈಕ್ರೋಫ್ಯಾರಡ್ ಎಂದು ಬರೆದಿದ್ದು ಮೀಟರ್ 38 ತೋರಿಸಿದರೆ ಅದು ದುರ್ಬಲವಾಗಿದೆ. ಬದಲಿಸಲು ಕೆಲವು ನೂರು ರೂಪಾಯಿ ಸಾಕು. ಹೊಸ ಕಂಪ್ರೆಸರ್‌ಗೆ ಹತ್ತು ಸಾವಿರದ ಆಸುಪಾಸು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಆದ್ದರಿಂದ ಮೊದಲು ಕೆಪಾಸಿಟರ್ ಮತ್ತು ವೋಲ್ಟೇಜ್ ಅಳೆಯಲು ಹೇಳಿ. ಆದರೆ ನೀವು ಮುಟ್ಟಬೇಡಿ. ಕರೆಂಟ್ ತೆಗೆದ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರುತ್ತದೆ.

ಇನ್ವರ್ಟರ್ ಎಸಿಯಲ್ಲಿ ಕಂಪ್ರೆಸರನ್ನು ನಡೆಸುವುದು ಪಿಸಿಬಿ ಬೋರ್ಡು. ಬೋರ್ಡು ಸುಟ್ಟರೆ ಸಾವಿರಾರು ರೂಪಾಯಿ ಬೇಕು. ವೋಲ್ಟೇಜ್ ಏರಿಳಿತ ಹೆಚ್ಚಿರುವ ಹಳ್ಳಿಗಳಲ್ಲಿ ಸ್ಟೆಬಿಲೈಸರ್ ಮತ್ತು ಸರಿಯಾದ ಅರ್ಥಿಂಗ್‌ಗೆ ಹಾಕಿದ ಹಣ ವ್ಯರ್ಥವಲ್ಲ.

4. ಧೂಳು ಮತ್ತು ಕರೆಂಟ್ ಬಿಲ್

ನಮ್ಮ ಕಡೆಯ ಧೂಳು ಫಿಲ್ಟರಿಗೆ ಬೇಗ ಹತ್ತುತ್ತದೆ. ಗಾಳಿ ಸರಿಯಾಗಿ ಹಾಯದಿದ್ದರೆ ಕೋಣೆ ತಣ್ಣಗಾಗಲು ಕಂಪ್ರೆಸರ್ ಹೆಚ್ಚು ಹೊತ್ತು ಓಡಬೇಕಾಗುತ್ತದೆ. ಗಂಟೆಗೆ ಸರಾಸರಿ 1 ಯೂನಿಟ್‌ನಂತೆ ದಿನಕ್ಕೆ 7 ಗಂಟೆ ಓಡಿದರೆ ತಿಂಗಳಿಗೆ 210 ಯೂನಿಟ್. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಹಾಗಾಗಿ ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೊಳೆಯುವುದೂ ಹಣ ಉಳಿಸುವ ಕೆಲಸವೇ. ಇದಕ್ಕೆ ಮೆಕ್ಯಾನಿಕ್ ಬೇಡ, ನಲ್ಲಿ ನೀರು ಸಾಕು. 2020ರ ಜನವರಿಯಿಂದ ತಯಾರಾದ ಎಸಿಗಳು ಆನ್ ಮಾಡಿದಾಗ 24 ಡಿಗ್ರಿಗೇ ನಿಲ್ಲಬೇಕೆಂಬ ನಿಯಮವಿದೆ. ಅಲ್ಲಿಯೇ ಬಿಡುವುದು ಒಳ್ಳೆಯದು.

ಒಣ ಬೇಸಿಗೆಯಲ್ಲಿ ಏರ್ ಕೂಲರ್ ಕೂಡ ಚೆನ್ನಾಗಿ ಕೆಲಸ ಮಾಡುತ್ತದೆ, ಅದರ ಪಂಪು ಕೆಟ್ಟರೂ ಖರ್ಚು ಸಣ್ಣದು. ಬೋರ್ ನೀರಿನ ಬಿಳಿ ಪದರ ಕಟ್ಟದಂತೆ ಪ್ಯಾಡ್ ತೊಳೆಯುತ್ತಿರಬೇಕು. ಮಳೆಗಾಲದ ತೇವದಲ್ಲಿ ಮಾತ್ರ ಅದು ಉಪಯೋಗವಿಲ್ಲ.

5. ರಿಪೇರಿಯೋ, ಹೊಸದೋ?

ವಾಣಿಜ್ಯ ವಿಭಾಗದ ಗೆಳೆಯರಿಗೆ ಈ ಲೆಕ್ಕ ಸುಲಭ. ಖರ್ಚನ್ನು ಉಳಿದ ವರ್ಷಗಳಿಂದ ಭಾಗಿಸಿ. ಎಂಟು ವರ್ಷದ ಎಸಿಗೆ 12,000 ರೂಪಾಯಿಯ ರಿಪೇರಿ ಮಾಡಿಸಿದರೆ ಇನ್ನು ಮೂರು ವರ್ಷ ಬರುತ್ತದೆ ಎನ್ನೋಣ. ವರ್ಷಕ್ಕೆ 4,000. ಹೊಸದಕ್ಕೆ 36,000, ಒಂಬತ್ತು ವರ್ಷ ಬಾಳಿಕೆ ಎಂದರೆ ಅದೂ ವರ್ಷಕ್ಕೆ 4,000. ಹೊಸದು ಕರೆಂಟ್ ಕಡಿಮೆ ತಿನ್ನುವುದಾದರೆ ಹೊಸದೇ ಲಾಭ. ಹಳೆಯದಕ್ಕೆ ಈಗಾಗಲೇ ಸುರಿದ ಹಣವನ್ನು ಈ ಲೆಕ್ಕಕ್ಕೆ ಸೇರಿಸಬಾರದು.

6. ಮೆಕ್ಯಾನಿಕ್ ಬಂದಾಗ

ಅ) ಬರುವ ಚಾರ್ಜು ಎಷ್ಟು ಎಂದು ಫೋನಿನಲ್ಲೇ ಕೇಳಿ. ಹೊಸಪೇಟೆ, ದಾವಣಗೆರೆಯಿಂದ ಬರುವವರು ದಾರಿಯ ಖರ್ಚು ಸೇರಿಸುವುದು ಸಹಜ.
ಆ) ವಾರಂಟಿ ಕಾರ್ಡ್ ನೋಡಿ. ಹಲವು ಕಂಪನಿಗಳು ಕಂಪ್ರೆಸರ್‌ಗೆ ಮಾತ್ರ ಹೆಚ್ಚು ವರ್ಷ ಕೊಡುತ್ತವೆ. ಗ್ಯಾಸ್ ಮತ್ತು ಕೂಲಿ ಅದರಲ್ಲಿ ಸೇರಿದೆಯೇ ಎಂದು ಓದಿ.
ಇ) ಕೆಲಸಕ್ಕೆ ಮುಂಚೆ ಅಂದಾಜು ಬರೆಸಿಕೊಳ್ಳಿ. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ.
ಈ) ಬಿಲ್ಲಿನಲ್ಲಿ ಭಾಗ, ಗ್ಯಾಸ್, ಕೂಲಿ ಬೇರೆ ಬೇರೆ ಇರಲಿ. ಕೆಲಸದ ಗ್ಯಾರಂಟಿ ಎಷ್ಟು ದಿನ ಎಂದೂ ಬರೆಸಿ.
ಉ) ಅನ್ಯಾಯವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಂತೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. 5 ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ. ಬಿಲ್ ಇಲ್ಲದಿದ್ದರೆ ದೂರು ನಿಲ್ಲುವುದು ಕಷ್ಟ.

ಇದನ್ನೆಲ್ಲ ಓದಿ ಮೆಕ್ಯಾನಿಕ್‌ಗಳನ್ನು ಕಳ್ಳರಂತೆ ನೋಡಬೇಡಿ. ಸುಡುವ ತಾರಸಿಯ ಮೇಲೆ ಮಧ್ಯಾಹ್ನ ಕೂತು, ರೋಜಾ ಇದ್ದುಕೊಂಡು ಕೆಲಸ ಮಾಡುವವರನ್ನು ನಾನು ನೋಡಿದ್ದೇನೆ. ಅವರ ಕೂಲಿ ನ್ಯಾಯವಾದದ್ದು, ಅದರಲ್ಲಿ ಚೌಕಾಸಿ ಮಾಡಬೇಡಿ. ನಾವು ಪ್ರಶ್ನೆ ಕೇಳಬೇಕಾದದ್ದು ಮಾಡದ ಕೆಲಸದ ಬಗ್ಗೆ. ಈ ಕೆಲಸದಲ್ಲಿ ಆಸಕ್ತಿ ಇರುವವರಿಗೆ ಐಟಿಐಗಳಲ್ಲಿ ಎರಡು ವರ್ಷದ ರೆಫ್ರಿಜರೇಷನ್ ಮತ್ತು ಏರ್ ಕಂಡೀಷನಿಂಗ್ ತರಬೇತಿ ಇದೆ.

ಅಭ್ಯಾಸ

1. 30 ಡಿಗ್ರಿಯಲ್ಲಿ 1 ಕಿಲೋ ನೀರು ಆವಿಯಾಗಲು ಸುಮಾರು 2,430 ಕಿಲೋಜೂಲ್ ಬೇಕು. ಒಂದು ಟನ್ ಎಸಿ ಒಂದು ಗಂಟೆಯಲ್ಲಿ ತೆಗೆಯುವ ಶಾಖದಿಂದ ಎಷ್ಟು ಲೀಟರ್ ನೀರು ಆವಿಯಾಗಬಹುದು? (ಉತ್ತರ: ಸುಮಾರು 5.2)
2. ನಿಮ್ಮ ಮನೆಯ ಅಥವಾ ನೆರೆಮನೆಯ ಎಸಿ, ಫ್ರಿಜ್‌ನ ಫಲಕ ಓದಿ ಗ್ಯಾಸಿನ ಹೆಸರು ಮತ್ತು ತೂಕ ಬರೆದುಕೊಳ್ಳಿ.
3. ಮನೆಯಲ್ಲಿರುವ ಹಳೆಯ ರಿಪೇರಿ ಬಿಲ್ಲುಗಳನ್ನು ಹುಡುಕಿ, ಒಂದೇ ದೋಷಕ್ಕೆ ಎರಡು ಸಲ ಹಣ ಕೊಟ್ಟಿದ್ದೀರಾ ಎಂದು ಹಿರಿಯರೊಂದಿಗೆ ಕೂತು ನೋಡಿ.