ಕರೆಂಟ್ ಕಂಬದ ಮೇಲಿನ ಪಿಂಗಾಣಿ

ಲ್ಯಾಬ್ ವೈವಾದಲ್ಲಿ ಕೇಳಿದ್ರು: "ಇನ್ಸುಲೇಟರ್‌ಗೆ ಪಿಂಗಾಣಿಯೇ ಯಾಕೆ?" ನಮ್ಮ ಬ್ಯಾಚ್‌ನಲ್ಲಿ ಯಾರೂ ಬಾಯಿ ಬಿಡಲಿಲ್ಲ. ಆದರೆ ಹೆಬ್ಬಾಳದಿಂದ ಮೇಖ್ರಿ ಸರ್ಕಲ್ ಮೇಲೆ ಯಶವಂತಪುರದ ಬಸ್ ಹತ್ತಿದ್ರೆ ಟಾಟಾ ಇನ್‌ಸ್ಟಿಟ್ಯೂಟ್ ಹತ್ತಿರವೇ ಉತ್ತರ ಇದೆ. ಅಲ್ಲಿನ ಬಿಎಚ್‌ಇಎಲ್ ಪಿಂಗಾಣಿ ಕಾರ್ಖಾನೆ 1930ರ ದಶಕದಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಮೈಸೂರು ಸರ್ಕಾರ ಶುರು ಮಾಡಿದ್ದು. 1970ರ ದಶಕದಲ್ಲಿ ಬಿಎಚ್‌ಇಎಲ್ ಕೈಗೆ ಬಂತು.

1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ಲೈನ್ ಎಳೆದಿದ್ದರು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಕರೆಂಟ್ ನಮ್ಮದು, ಆದರೆ ಇಲ್ಲಿ ಪಿಂಗಾಣಿ ಕಾರ್ಖಾನೆ ಬರೋದಕ್ಕೆ ಇನ್ನೂ ಕಾಲು ಶತಮಾನ ಬೇಕಾಯ್ತು.

ಪಿಂಗಾಣಿ ಮಾಡೋದು ಅಷ್ಟು ಸುಲಭ ಅಲ್ಲ. ಅದರ ಗುಟ್ಟು ಚೀನಾದವರಿಗೆ ಗೊತ್ತಿತ್ತು. ಯುರೋಪಿನಲ್ಲಿ ಮೊದಲು ಸಾಧಿಸಿದ್ದು ಜರ್ಮನಿಯ ಮೈಸೆನ್, 1710ರ ಸುಮಾರಿಗೆ. ಫ್ರಾನ್ಸಿನ ಸೇವ್ರ್ ಕಾರ್ಖಾನೆಯಲ್ಲಿ ಪಿಯೇರ್ ಜೋಸೆಫ್ ಮಾಕೇರ್ (1718–1784) ಎಂಬ ರಸಾಯನ ವಿಜ್ಞಾನಿ ವರ್ಷಗಟ್ಟಲೆ ಮಣ್ಣು ಸುಟ್ಟು ನೋಡಿದ. ಕುಲುಮೆ ಇತ್ತು, ಜ್ಞಾನ ಇತ್ತು, ಸರಿಯಾದ ಮಣ್ಣೇ ಇರಲಿಲ್ಲ. 1768ರ ಸುಮಾರಿಗೆ ಲಿಮೋಜ್ ಹತ್ತಿರ ಬಿಳಿ ಜೇಡಿ ಸಿಕ್ಕಿತು. ಕಥೆ ಪ್ರಕಾರ ಅಲ್ಲಿನ ವೈದ್ಯನ ಹೆಂಡತಿ ಅದರಲ್ಲಿ ಬಟ್ಟೆ ಒಗೀಬಹುದು ಅಂದುಕೊಂಡಿದ್ದಳಂತೆ! ಅದೇ ಕೇಓಲಿನ್.

ಈಗ ವೈವಾ ಪ್ರಶ್ನೆಗೆ ಬರೋಣ. ಪಿಂಗಾಣಿಯಲ್ಲಿ ಕೇಓಲಿನ್, ಫೆಲ್ಡ್‌ಸ್ಪಾರ್, ಕ್ವಾರ್ಟ್ಜ್ ಇರ್ತವೆ. ಬಿಸಿಯಾದಾಗ ಸುಮಾರು 600 ಡಿಗ್ರಿ ಹೊತ್ತಿಗೆ ಕೇಓಲಿನ್‌ನ ರಚನೆಯಲ್ಲಿರುವ ನೀರು ಹೊರಗೆ ಹೋಗುತ್ತದೆ. 1000 ಡಿಗ್ರಿ ದಾಟಿದ ಮೇಲೆ ಮುಲೈಟ್ ಎಂಬ ಗಟ್ಟಿ ಹರಳುಗಳು ಹುಟ್ಟುತ್ತವೆ. ಫೆಲ್ಡ್‌ಸ್ಪಾರ್ ಕರಗಿ ಗಾಜಾಗಿ ಸಂದುಗಳನ್ನೆಲ್ಲ ತುಂಬುತ್ತದೆ. ಸುಮಾರು 1300 ಡಿಗ್ರಿಯಲ್ಲಿ ಸುಟ್ಟ ವಸ್ತು ನೀರು ಹೀರಲ್ಲ. ಒಳಗೆ ತೇವ ಇಲ್ಲ ಅಂದ್ರೆ ಕರೆಂಟಿಗೆ ದಾರಿಯೂ ಇಲ್ಲ. ಬಟ್ಟೆ ನೇತುಹಾಕುವ ಹಾಗೆ ತಂತಿಯ ಭಾರ ಹೊರಬೇಕಲ್ಲ, ಆ ಬಲವೂ ಇದೆ.

ಹಾಗಾದ್ರೆ ಅಂಚಿನಲ್ಲಿ ಛತ್ರಿಯಂಥ ಬಳೆಗಳು ಯಾಕೆ? ಮಳೆ ಬಂದಾಗ ಹೊರಮೈ ಒದ್ದೆಯಾಗುತ್ತೆ, ಕರೆಂಟ್ ಅದರ ಮೇಲೆ ಜಾರಬಹುದು. ಛತ್ರಿಯ ಕೆಳಭಾಗ ಒಣಗೇ ಇರುತ್ತೆ, ದಾರಿಯೂ ಉದ್ದವಾಗುತ್ತೆ. ಹೊಳೆಯುವ ಗ್ಲೇಜ್ ಮೇಲೆ ಧೂಳು ಸುಲಭವಾಗಿ ಕೂರಲ್ಲ, ಕೂತರೂ ಮಳೆ ತೊಳೆಯುತ್ತೆ.

ಗೇಟ್ ಮುಂದಿನ ಕಂಬವನ್ನು ನಾವು ಒಂದೂವರೆ ವರ್ಷದಿಂದ ದಾಟುತ್ತಿದ್ದೇವೆ. ಇಂಟರ್ನಲ್ಸ್‌ಗೆ "ಪಿಂಗಾಣಿ ಒಳ್ಳೆಯ ಅವಾಹಕ" ಅಂತ ಬರೆದರೆ ಒಂದು ಮಾರ್ಕ್ಸ್ ಬರುತ್ತೆ. ಮಾಕೇರ್‌ಗೆ ಆ ಪಿಂಗಾಣಿ ಮಾಡೋದಕ್ಕೇ ವರ್ಷಗಟ್ಟಲೆ ಹಿಡಿಯಿತು. ನಾಳೆ ಬಸ್ಸಿಗೆ ಕಾಯುವಾಗ ಒಮ್ಮೆ ತಲೆ ಎತ್ತಿ ನೋಡಿ.