ಯಾರ ಸರಾಸರಿ ಸರಿ?

ಪ್ರಶ್ನೆ: ನಾನು ನಮ್ಮೂರ ಮಹಿಳಾ ಡೇರಿಯ ಕಾರ್ಯದರ್ಶಿ. ಓದಿದ್ದು ಪಿಯುಸಿ, ಅದೂ ಆರ್ಟ್ಸ್. ಪುಸ್ತಕದಲ್ಲಿ ಬರೆಯುತ್ತಿದ್ದ ಲೆಕ್ಕವನ್ನು ಈಗ ಎಕ್ಸೆಲ್‌ಗೆ ಹಾಕುತ್ತಿದ್ದೇನೆ. ಹೋದ ತಿಂಗಳು ಸದಸ್ಯೆಯೊಬ್ಬರ ಮಗ, ಪಟ್ಟಣದಲ್ಲಿ ಓದುವವನು, ನನ್ನ ಶೀಟಿನಲ್ಲೇ ಎಲ್ಲರ ಫ್ಯಾಟಿನ ಸರಾಸರಿ ತೆಗೆದ. 4.2 ಬಂತು. ಒಕ್ಕೂಟದ ಚೀಟಿಯಲ್ಲಿ ನಮ್ಮ ಹಾಲಿಗೆ 3.8 ಇದೆ. ‘ನಡುವಿನ ಫ್ಯಾಟ್ ಯಾರ ಮನೆಗೆ ಹೋಯ್ತು?’ ಅಂತ ನಾಲ್ಕು ಜನರ ಎದುರು ಕೇಳಿಬಿಟ್ಟ. ಮಹಾಸಭೆ ಹತ್ತಿರ ಬರುತ್ತಿದೆ. ನಾನು ಹಾಲಿಗೆ ಒಂದು ಹನಿ ನೀರು ಬೆರೆಸಿದವಳಲ್ಲ. ಆದರೆ ಸ್ಟ್ಯಾಟಿಸ್ಟಿಕ್ಸ್ ನನಗೆ ಗೊತ್ತಿಲ್ಲ, ಏನಂತ ಉತ್ತರ ಕೊಡಲಿ? ಕೆಲಸವೇ ಬೇಡ ಅನ್ನಿಸಿದೆ.
– ಹೆಸರು ಬೇಡ, ತುಮಕೂರು ಜಿಲ್ಲೆ

ಉತ್ತರ: ರಾಜೀನಾಮೆಯ ಮಾತು ಸದ್ಯಕ್ಕೆ ಬದಿಗಿಡಿ, ತಾಯಿ. ಆ ಹುಡುಗ ಮಾಡಿದ ಲೆಕ್ಕ ಬೇರೆ ಪ್ರಶ್ನೆಗೆ ಉತ್ತರ. ಒಕ್ಕೂಟದ ಚೀಟಿ ಹೇಳುವುದು ಇನ್ನೊಂದು ಪ್ರಶ್ನೆಯ ಉತ್ತರ. ಎರಡನ್ನೂ ಎದುರುಬದುರು ಇಟ್ಟರೆ ಕಳ್ಳತನ ನಡೆಯದಿದ್ದರೂ ಕಳ್ಳತನದಂತೆ ಕಾಣುತ್ತದೆ.

ಐದೇ ಜನರ ಡೇರಿಯೊಂದನ್ನು ಊಹಿಸಿಕೊಳ್ಳಿ. ನಾಲ್ವರು 2, 3, 4, 5 ಲೀಟರ್ ಹಾಕುತ್ತಾರೆ. ಅವರ ಫ್ಯಾಟ್ ಕ್ರಮವಾಗಿ 4.8, 4.6, 4.4, 4.2. ಐದನೆಯವರು ಸೀಮೆ ಹಸುಗಳನ್ನು ಕಟ್ಟಿದವರು, 26 ಲೀಟರ್ ಹಾಕುತ್ತಾರೆ, ಫ್ಯಾಟ್ 3.5. ಐದು ಫ್ಯಾಟನ್ನೂ ಕೂಡಿ ಐದರಿಂದ ಭಾಗಿಸಿದರೆ 4.3. ಆದರೆ ಕ್ಯಾನಿನಲ್ಲಿರುವ 40 ಲೀಟರಿನಲ್ಲಿ 26 ಲೀಟರ್ ಒಬ್ಬರದೇ. ಹೀಗಾಗಿ ಬೆರೆತ ಹಾಲಿನ ಫ್ಯಾಟ್ ಸುಮಾರು 3.83. ಯಾರೂ ಏನೂ ಕದ್ದಿಲ್ಲ.

ಮೊದಲನೆಯದು ಸದಸ್ಯರ ಸರಾಸರಿ. ಎರಡು ಲೀಟರಿನವರಿಗೂ ಇಪ್ಪತ್ತಾರು ಲೀಟರಿನವರಿಗೂ ಅದರಲ್ಲಿ ಒಂದೊಂದೇ ಓಟು. ಎರಡನೆಯದು ಹಾಲಿನ ಸರಾಸರಿ. ಇಲ್ಲಿ ಎಷ್ಟು ಲೀಟರೋ ಅಷ್ಟು ಓಟು. ಪುಸ್ತಕದಲ್ಲಿ ಇದಕ್ಕೆ ತೂಕಯುಕ್ತ ಸರಾಸರಿ ಎನ್ನುತ್ತಾರೆ. ಒಕ್ಕೂಟ ಅಳೆಯುವುದು ಬೆರೆತ ಹಾಲನ್ನು, ಆದ್ದರಿಂದ ನೀವು ಹೋಲಿಸಬೇಕಾದದ್ದೂ ಇದನ್ನೇ. ಶೀಟಿನಲ್ಲಿ ಹೊಸ ಕಾಲಂ ತೆರೆದು ಪ್ರತಿ ಸಾಲಿನ ಲೀಟರನ್ನು ಫ್ಯಾಟಿನಿಂದ ಗುಣಿಸಿ. ಆ ಕಾಲಂನ ಮೊತ್ತವನ್ನು ಲೀಟರಿನ ಮೊತ್ತದಿಂದ ಭಾಗಿಸಿ. ಇಷ್ಟೇ.

ಭಾಗಿಸುವ ಮುಂಚೆ ಅಂಕಿಗಳನ್ನು ಒಮ್ಮೆ ಸೋಸಬೇಕು. ಒಬ್ಬರು ಒಂದು ಹೊತ್ತು ಹಾಕಿದ ಹಾಲಿಗೆ ಒಂದು ಸಾಲು ಇರಲಿ: ದಿನಾಂಕ, ಬೆಳಿಗ್ಗೆಯೋ ಸಂಜೆಯೋ, ಸದಸ್ಯ ಸಂಖ್ಯೆ, ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ). ಆಮೇಲೆ ಫ್ಯಾಟ್ ಕಾಲಂ ಆಧರಿಸಿ ಇಡೀ ಪಟ್ಟಿಯನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾರ್ಟ್ ಮಾಡಿ, ಎರಡೂ ತುದಿ ನೋಡಿ. ಚುಕ್ಕೆ ಬಿಟ್ಟುಹೋಗಿ 4.2 ಬದಲು 42 ಆಗಿರುವ ಸಾಲು ಕೆಳಗೆ ಬಂದು ಕೂತಿರುತ್ತದೆ. ನೂರು ಸಾಲಿನಲ್ಲಿ ಇಂಥ ಒಂದೇ ತಪ್ಪಿದ್ದರೂ ಸದಸ್ಯರ ಸರಾಸರಿ 0.378 ಏರುತ್ತದೆ, ಅಂದರೆ ನಿಮ್ಮ ನಿದ್ದೆ ಕೆಡಿಸಿದ ವ್ಯತ್ಯಾಸದಷ್ಟು. ಹಾಲು ಹಾಕದ ದಿನ ಸೊನ್ನೆ ಬರೆಯಬೇಡಿ, ಖಾಲಿ ಬಿಡಿ. ಎಕ್ಸೆಲ್ ಸರಾಸರಿ ತೆಗೆಯುವಾಗ ಖಾಲಿ ಮನೆಯನ್ನು ಬಿಟ್ಟುಬಿಡುತ್ತದೆ, ಸೊನ್ನೆಯನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಅಂಕಿ ತಾನಾಗಿ ಎಡಕ್ಕೆ ಅಂಟಿ ಕೂತಿದ್ದರೆ ಅನುಮಾನಿಸಿ. ಎಕ್ಸೆಲ್ ಅದನ್ನು ಅಕ್ಷರವೆಂದು ತಿಳಿದು ಕೂಡದೇ ಬಿಟ್ಟಿರಬಹುದು.

ಅಳತೆಯನ್ನೂ ನೋಡಿಕೊಳ್ಳಿ. ಒಂದು ಲೀಟರ್ ಹಾಲು ಸುಮಾರು 1.03 ಕಿಲೋ ತೂಗುತ್ತದೆ. ನಿಮ್ಮದು ಲೀಟರ್, ಚೀಟಿಯದು ಕಿಲೋ ಆಗಿದ್ದರೆ ಒಟ್ಟು ಪ್ರಮಾಣದಲ್ಲೂ ಇಲ್ಲದ ಜಗಳ ಹುಟ್ಟುತ್ತದೆ. ಊರಲ್ಲೇ ಮಾರಿದ ಹಾಲನ್ನು ಕಳೆಯಲು ಮರೆಯಬೇಡಿ. ಸಾಮಾನ್ಯವಾಗಿ ಎರಡು ಕರೆತಗಳ ನಡುವೆ ಅಂತರ ಕಡಿಮೆಯಿದ್ದಾಗ ಫ್ಯಾಟ್ ಹೆಚ್ಚು. ಹಾಗಾಗಿ ಬೆಳಗಿನ ಚೀಟಿಗೆ ಬೆಳಗಿನ ಲೆಕ್ಕವನ್ನೇ, ಸಂಜೆಯದಕ್ಕೆ ಸಂಜೆಯದನ್ನೇ ಹೋಲಿಸಿ.

ಇನ್ನು ಚಿತ್ರ. ಅಡ್ಡ ಗೆರೆಯ ಮೇಲೆ ಲೀಟರ್, ನಿಂತ ಗೆರೆಯ ಮೇಲೆ ಫ್ಯಾಟ್ ಇಟ್ಟು ಸ್ಕ್ಯಾಟರ್ ಚಾರ್ಟ್ ಹಾಕಿ. ಪ್ರತಿ ಸದಸ್ಯೆಯೂ ಒಂದು ಚುಕ್ಕಿ. ಹೆಚ್ಚು ಹಾಲಿನವರ ಚುಕ್ಕಿಗಳು ಕೆಳಗಿದ್ದರೆ ನನ್ನ ಐದು ಜನರ ಕತೆ ನಿಮ್ಮೂರಲ್ಲೂ ನಿಜ. ಹಾಗಿಲ್ಲದಿದ್ದರೆ ಬೇರೆ ಕಾರಣ ಹುಡುಕಬೇಕು. 1973ರಲ್ಲಿ ಫ್ರಾನ್ಸಿಸ್ ಆನ್‌ಸ್ಕೊಂಬ್ ಎಂಬ ಸಂಖ್ಯಾಶಾಸ್ತ್ರಜ್ಞರು ಹನ್ನೊಂದು ಜೋಡಿ ಅಂಕಿಗಳ ನಾಲ್ಕು ಪಟ್ಟಿ ಪ್ರಕಟಿಸಿದರು. ನಾಲ್ಕರದೂ ಸರಾಸರಿ, ಹರಡಿಕೆ ಹೆಚ್ಚುಕಡಿಮೆ ಒಂದೇ. ಚಾರ್ಟಿನಲ್ಲಿ ಮಾತ್ರ ಒಂದು ನೇರ ಸಾಲು, ಇನ್ನೊಂದು ಕಮಾನು, ಮತ್ತೊಂದರಲ್ಲಿ ಒಂಟಿ ಚುಕ್ಕಿಯೇ ಇಡೀ ಲೆಕ್ಕವನ್ನು ಎಳೆದಿತ್ತು. ಚಾರ್ಟ್ ನೋಡದೆ ಸರಾಸರಿಯನ್ನು ನಂಬಬಾರದು ಎನ್ನುವುದಕ್ಕೆ ಈಗಲೂ ಅದನ್ನೇ ತೋರಿಸುತ್ತಾರೆ.

ಇಷ್ಟಾದ ಮೇಲೂ ಸ್ವಲ್ಪ ವ್ಯತ್ಯಾಸ ಉಳಿಯುತ್ತದೆ. ಪ್ರತಿ ಪಾಳಿಗೆ ನಿಮ್ಮ ಹಾಲಿನ ಸರಾಸರಿಯಿಂದ ಚೀಟಿಯ ಫ್ಯಾಟ್ ಕಳೆದು, ತಿಂಗಳ ಪೂರ್ತಿ ಲೈನ್ ಚಾರ್ಟ್ ಹಾಕಿ. ಗೆರೆ ಸೊನ್ನೆಯ ಮೇಲೆ ಕೆಳಗೆ ಆಡುತ್ತಿದ್ದರೆ ಅದು ಅಳತೆಯಲ್ಲಿ ಸಹಜವಾದ ಏರುಪೇರು, ಚಿಂತೆ ಬೇಡ. ಸದಾ ಸೊನ್ನೆಯ ಮೇಲೆಯೇ ಇದ್ದರೆ ಎಲ್ಲೋ ಖಾಯಂ ತಪ್ಪಿದೆ: ನಿಮ್ಮ ಯಂತ್ರ ಹೆಚ್ಚು ತೋರಿಸುತ್ತಿರಬಹುದು, ಅಲ್ಲಿಯದು ಕಡಿಮೆ ತೋರಿಸುತ್ತಿರಬಹುದು, ಅಥವಾ ಚೆನ್ನಾಗಿ ಕಲಕದೆ ಸ್ಯಾಂಪಲ್ ತೆಗೆಯುತ್ತಿರಬಹುದು. ಕೆನೆ ಮೇಲೆ ತೇಲುವುದರಿಂದ ಕಲಕದ ಹಾಲಿನ ಮೇಲ್ಭಾಗ ಸುಳ್ಳು ಹೇಳುತ್ತದೆ. ಇಂಥ ಅಂತರದಿಂದ ನಷ್ಟವಾಗುವುದು ನಿಮ್ಮ ಸಂಘಕ್ಕೇ. ಸದಸ್ಯರಿಗೆ ಹೆಚ್ಚು ಫ್ಯಾಟಿನ ದುಡ್ಡು ಕೊಟ್ಟು, ಒಕ್ಕೂಟದಿಂದ ಕಡಿಮೆ ಫ್ಯಾಟಿನ ದುಡ್ಡು ಪಡೆದಂತಾಗುತ್ತದೆ. ಹಾಗಿದ್ದರೆ ಚಾರ್ಟನ್ನು ಜೊತೆಗಿಟ್ಟು ಯಂತ್ರಗಳ ತಪಾಸಣೆಗೆ ಒಕ್ಕೂಟಕ್ಕೆ ಅರ್ಜಿ ಬರೆಯಿರಿ, ಸ್ವೀಕೃತಿ ಪಡೆಯಿರಿ.

ಮಹಾಸಭೆಯಲ್ಲಿ ‘ತೂಕಯುಕ್ತ’ ಎಂಬ ಮಾತು ಎತ್ತಬೇಡಿ. ಐದು ಜನರ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು, ಆ ಹುಡುಗನ ಕೈಯಿಂದಲೇ ಕೂಡಿಸಿ. ಒಬ್ಬ ಸದಸ್ಯೆ ಸಾಮಾನ್ಯವಾಗಿ ಎಷ್ಟು ಹಾಲು ಹಾಕುತ್ತಾರೆ ಎಂದು ಕೇಳಿದರೆ ಸರಾಸರಿ ಹೇಳಬೇಡಿ, ಮಧ್ಯಾಂಕ ಹೇಳಿ. ಎಲ್ಲರನ್ನೂ ಹಾಲಿನ ಪ್ರಮಾಣದಂತೆ ಸಾಲಾಗಿ ನಿಲ್ಲಿಸಿದರೆ ನಡುವೆ ನಿಂತವರ ಲೀಟರ್ ಅದು. ನಮ್ಮ ಐವರಲ್ಲಿ ಸರಾಸರಿ 8 ಲೀಟರ್, ಮಧ್ಯಾಂಕ 4. ನಾಲ್ವರಿಗೆ ಆ 8 ಯಾರ ಮನೆಯ ಲೆಕ್ಕವೋ ಅನ್ನಿಸುತ್ತದೆ.

ಮುಂದಿನ ತಿಂಗಳಿಂದ ಪಾಳಿವಾರು ವ್ಯತ್ಯಾಸದ ಆ ಚಾರ್ಟನ್ನು ಡೇರಿಯ ಗೋಡೆಗೆ ಅಂಟಿಸಿ. ಕೇಳುವವರು ಕೇಳಲಿ. ಉತ್ತರ ಅಲ್ಲೇ ಇರುತ್ತದೆ, ನೀವೂ ಅಲ್ಲೇ ಇರುತ್ತೀರಿ.